ಅಟ್ಟದ ಮೇಲಿನ ಖಾಲಿ ಡಬ್ಬ: ಇಟ್ಟುಕೊಳ್ಳೋದಾ, ಕೊಡೋದಾ, ಕೊಟ್ಟರೆ ಯಾರಿಗೆ?

ಹೋದ ವರ್ಷ ನವರಾತ್ರಿಗೆ ಎರಡು ದಿನ ಇರುವಾಗ ದಸರಾ ಗೊಂಬೆ ಇಳಿಸೋಣ ಅಂತ ಏಣಿ ಹಾಕಿ ಅಟ್ಟ ಹತ್ತಿದೆ. ಗೊಂಬೆಗಳ ಪೆಟ್ಟಿಗೆ ಕೈಗೆ ಸಿಗುವ ಮೊದಲು ಇಪ್ಪತ್ತೇಳು ಖಾಲಿ ಡಬ್ಬ ಕೆಳಗಿಳಿಸಬೇಕಾಯಿತು. ಟಿವಿಯದು, ಮಿಕ್ಸಿಯದು, ಇಂಡಕ್ಷನ್ ಒಲೆಯದು, ಮೂರು ಫೋನಿನವು, ಮಗಳು ಎಲ್‌ಕೆಜಿಯಲ್ಲಿದ್ದಾಗ ತಂದ ಸೈಕಲ್ಲಿನದು. ಮಿಕ್ಸಿ ಡಬ್ಬ ಎತ್ತಿದರೆ ಅದರ ತಳ ಅಲ್ಲೇ ಉಳಿಯಿತು. ಮೇಲಿನ ನೀರಿನ ಟ್ಯಾಂಕಿನ ತೇವ ಗೋಡೆಗಿಳಿದು, ರಟ್ಟು ಎಷ್ಟೋ ಸಲ ನೆನೆದು ಒಣಗಿ ಮೆತ್ತಗಾಗಿತ್ತು. ಮಡಿಕೆಯ ಸಂದಿಯಲ್ಲಿ ಅಲಸಂದೆ ಕಾಳಿನ ಗಾತ್ರದ ಕಂದು ಚಿಪ್ಪುಗಳು ಸಾಲಾಗಿ ಅಂಟಿಕೊಂಡಿದ್ದವು. ಜಿರಳೆ ಮೊಟ್ಟೆಯ ಚೀಲಗಳು. ಆ ಮಿಕ್ಸಿಯನ್ನೇ ಎಕ್ಸ್‌ಚೇಂಜ್‌ಗೆ ಕೊಟ್ಟು ನಾಲ್ಕು ವರ್ಷ ಆಗಿತ್ತು.

ಗುಜರಿ ಅಂಗಡಿಗೆ ಎಲ್ಲ ಹೊತ್ತುಕೊಂಡು ಹೋದಾಗ ಅಂಗಡಿಯವರು ಆ ಡಬ್ಬವನ್ನು ಬೆರಳಿನಿಂದ ಒತ್ತಿ ನೋಡಿ ಪಕ್ಕಕ್ಕಿಟ್ಟರು. "ಇದು ನಡೆಯಲ್ಲ ಮೇಡಂ, ಒದ್ದೆ ಹಿಡಿದಿದೆ." ಮಿಕ್ಸಿ ತಂದ ದಿನವೇ ಕೊಟ್ಟಿದ್ದರೆ ಅದು ಗಟ್ಟಿ ರಟ್ಟು, ತೂಕಕ್ಕೆ ಹೋಗುವ ಮಾಲು. ಅದನ್ನು ಕಸ ಮಾಡಿದ್ದು ನಾನು, ಜೋಪಾನವಾಗಿ ಎತ್ತಿಟ್ಟು.

ಅವತ್ತಿನಿಂದ ಮನೆಗೆ ಬರುವ ಪ್ರತಿ ಡಬ್ಬ, ಕವರು, ಬಾಟಲಿಗೂ ಯಾವ ದಾರಿ ಸರಿ ಅಂತ ಹೋಲಿಸಿ ನೋಡುತ್ತಾ ಬಂದಿದ್ದೇನೆ. ನಮ್ಮದು ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಿಮ್ಮ ಊರಿನಲ್ಲಿ ಕಸದ ಗಾಡಿಯ ದಿನ, ಗುಜರಿಯ ರೇಟು ಬೇರೆ ಇರಬಹುದು, ಆದರೆ ಆಯ್ಕೆಗಳು ಹೆಚ್ಚುಕಮ್ಮಿ ಇವೇ: ಹಾಗೇ ಇಟ್ಟುಕೊಳ್ಳುವುದು, ಮಡಚಿ ಇಟ್ಟುಕೊಳ್ಳುವುದು, ಮನೆಯಲ್ಲೇ ಬೇರೆ ಕೆಲಸಕ್ಕೆ ಬಳಸುವುದು, ಇದ್ದ ಹಾಗೇ ಬಳಸುವವರಿಗೆ ಕೊಡುವುದು, ಗುಜರಿಗೆ ಹಾಕುವುದು, ಒಣ ಕಸಕ್ಕೆ ಕೊಡುವುದು.

ಹಾಗೇ ಇಟ್ಟುಕೊಳ್ಳಬೇಕಾದವು ತೀರಾ ಕಡಿಮೆ

ನಮ್ಮ ಅತ್ತೆಯವರ ಮಾತು ಒಂದೇ. "ಇರಲಿ ಬಿಡಮ್ಮ, ಯಾವತ್ತಾದ್ರೂ ಬೇಕಾಗುತ್ತೆ." ಈ ಮಾತಿಗೆ ಎದುರಾಡುವುದು ಕಷ್ಟ, ಯಾಕೆಂದರೆ ಸುಳ್ಳಲ್ಲ. ಯಾವ ಡಬ್ಬವಾದರೂ ಯಾವತ್ತಾದರೂ ಯಾವುದಕ್ಕಾದರೂ ಬೇಕಾಗುತ್ತೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಬೇಕಾದ ದಿನ ಇಂಥದ್ದೇ ಇನ್ನೊಂದು ಸಿಗುತ್ತಾ? ಸಾಧಾರಣ ರಟ್ಟಿನ ಡಬ್ಬ ಯಾವ ದಿನಸಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತೆ. ನಿಮ್ಮ ಟಿವಿಯ ಅಳತೆಗೇ ಅಚ್ಚು ಹಾಕಿದ ಥರ್ಮಾಕೋಲ್ ಮೂಲೆಗಳು ಸಿಗಲ್ಲ.

ಬಾಡಿಗೆ ಮನೆಯಲ್ಲಿದ್ದು ಒಂದೆರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರು ಟಿವಿ ಡಬ್ಬವನ್ನು ಒಳಗಿನ ಥರ್ಮಾಕೋಲ್ ಸಮೇತ ಇಟ್ಟುಕೊಳ್ಳಿ. ದೊಡ್ಡ ಪರದೆಯ ಮೇಲೆ ಒಂದು ಕಡೆ ಒತ್ತಡ ಬಿದ್ದರೂ ಒಳಗೆ ಬಿರುಕು ಬಿಡುತ್ತೆ. ಆ ಮೂಲೆಗಳಿರುವುದೇ ಪರದೆಗೆ ಏನೂ ತಾಗದಂತೆ ಇಡೀ ಭಾರವನ್ನು ಅಂಚಿನಲ್ಲಿ ಹಿಡಿದುಕೊಳ್ಳಲು. ಸ್ವಂತ ಮನೆಯಲ್ಲಿರುವವರಿಗೆ ಇದೇ ಡಬ್ಬ ಬೇಡ. ಗೋಡೆಗೆ ಹಾಕಿ ಒಂದು ತಿಂಗಳು ಚೆನ್ನಾಗಿ ನಡೆದರೆ ಕೊಟ್ಟುಬಿಡಿ.

ವಾಷಿಂಗ್ ಮೆಷೀನಿನ ಡಬ್ಬ ಯಾರಿಗೂ ಬೇಡ. ಆದರೆ ಮುಂದಿನಿಂದ ಬಟ್ಟೆ ಹಾಕುವ ಮೆಷೀನಾದರೆ ಹಿಂಭಾಗದಲ್ಲಿ ಉದ್ದನೆಯ ಮೂರು ನಾಲ್ಕು ಬೋಲ್ಟು ಇರುತ್ತವೆ, ಟ್ರಾನ್ಸಿಟ್ ಬೋಲ್ಟು ಅಂತಾರೆ. ಸಾಗಿಸುವಾಗ ಒಳಗಿನ ಡ್ರಮ್ಮು ಅಲ್ಲಾಡದಂತೆ ಹಿಡಿದಿಡುವುದು ಅವು. ಜೋಡಿಸಲು ಬಂದವರು ಬಿಚ್ಚಿ ನಿಮ್ಮ ಕೈಗೆ ಕೊಡುತ್ತಾರೆ, ಇಲ್ಲವೇ ಪ್ಯಾಕಿಂಗ್ ಕಸದ ಜತೆ ಹಾಕಿಬಿಡುತ್ತಾರೆ. ನಾವು ಹಿಂದಿನ ಮನೆಗೆ ಬರುವಾಗ ಆಳೆತ್ತರದ ಡಬ್ಬವನ್ನು ಎರಡು ವರ್ಷ ಬಾಲ್ಕನಿಯಲ್ಲಿ ಕಾಪಾಡಿದ್ದೆವು, ಬೋಲ್ಟುಗಳನ್ನು ಕಳೆದುಕೊಂಡಿದ್ದೆವು. ಸಾಗಿಸಿ ತಂದ ಮೇಲೆ ಮೆಷೀನು ಬಟ್ಟೆ ಹಿಂಡುವಾಗೆಲ್ಲ ಅಡುಗೆಮನೆ ತನಕ ನಡುಕ ಬರುತ್ತಿತ್ತು. ಇಟ್ಟುಕೊಳ್ಳಬೇಕಾಗಿದ್ದದ್ದು ಅಂಗೈಯಲ್ಲಿ ಹಿಡಿಸುವಷ್ಟು ಸಾಮಾನು. ನೀವು ಅವನ್ನು ಜಿಪ್ ಕವರಿಗೆ ಹಾಕಿ, ಮೆಷೀನಿನ ಮಗ್ಗುಲಿಗೇ ಟೇಪಿನಿಂದ ಅಂಟಿಸಿಡಿ.

ವಾರಂಟಿಗೆ ಡಬ್ಬ ಬೇಕು ಅನ್ನುವುದು ಬಹಳ ಮನೆಗಳಲ್ಲಿರುವ ನಂಬಿಕೆ. ರಿಪೇರಿಗೆ ಬಂದವರು ಕೇಳುವುದು ಬಿಲ್ಲು, ಸೀರಿಯಲ್ ನಂಬರು. ಸೀರಿಯಲ್ ನಂಬರು ಸಾಮಾನಿನ ಬೆನ್ನಿಗೋ ತಳಕ್ಕೋ ಅಂಟಿಸಿರುತ್ತಾರೆ. ಡಬ್ಬ ಬೇಕಾಗುವುದು ಆನ್‌ಲೈನಿನಲ್ಲಿ ತರಿಸಿದ್ದನ್ನು ವಾಪಸ್ ಮಾಡುವ ಗಡುವಿನ ತನಕ. ನಾನು ಡಬ್ಬದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಆ ಗಡುವಿನ ತಾರೀಕು ಬರೆದು ಬಾಗಿಲ ಪಕ್ಕ ಇಡುತ್ತೇನೆ. ತಾರೀಕು ದಾಟಿದ ದಿನ ಡಬ್ಬ ಮಡಚಿ ಆಚೆ. ಬಿಲ್ಲು ಹಳದಿಯಾಗಿ ಅಳಿಸಿಹೋಗುವ ಥರ್ಮಲ್ ಕಾಗದದ್ದಾದರೆ ಅವತ್ತೇ ಫೋಟೊ ತೆಗೆದಿಡಿ.

ಫೋನಿನ ಡಬ್ಬದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಪುಟ್ಟದು, ಗಟ್ಟಿ, ನೋಡಲು ಚೆಂದ, ಹಾಗಾಗಿ ಎಲ್ಲರ ಮನೆಯಲ್ಲೂ ನಾಲ್ಕೈದು ಇರುತ್ತವೆ. ಅದರ ಮೇಲಿರುವ 15 ಅಂಕಿಯ ಐಎಂಇಐ ಸಂಖ್ಯೆ ಮುಖ್ಯ. ಫೋನು ಕಳೆದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಜಾಲತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಲು ಪೊಲೀಸ್ ದೂರಿನ ಜತೆ ಆ ಸಂಖ್ಯೆ ಕೊಡಬೇಕು. ಕಳೆದ ಮೇಲೆ ಫೋನಿನಲ್ಲಿ ನೋಡಲು ಆಗಲ್ಲವಲ್ಲ. ಈಗಲೇ *#06# ಒತ್ತಿ ಬರುವ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದುಕೊಂಡರೆ, ಡಬ್ಬದ ಕೆಲಸ ಮುಗಿಯಿತು. ಫೋನನ್ನು ಎರಡು ಮೂರು ವರ್ಷಕ್ಕೆ ಮಾರುವ ಅಭ್ಯಾಸ ಇರುವವರು ಸದ್ಯ ಬಳಸುತ್ತಿರುವ ಫೋನಿನ ಡಬ್ಬವೊಂದನ್ನು ಇಟ್ಟುಕೊಳ್ಳಿ. ಹಿಂದಿನವು ಬೇಡ.

ಮಡಚಿ ಇಟ್ಟುಕೊಳ್ಳುವುದಾದರೆ ಯಾವುದನ್ನು?

ರಟ್ಟಿನ ಡಬ್ಬದ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಹಾಳೆಯ ನಡುವೆ ಅಲೆಯಲೆಯಾದ ಒಂದೇ ಸಾಲು ಇದ್ದರೆ ಅದು ಮೂರು ಪದರದ್ದು, ಎರಡು ಸಾಲು ಇದ್ದರೆ ಐದು ಪದರದ್ದು. ಆನ್‌ಲೈನ್ ಅಂಗಡಿಯಿಂದ ಬರುವ ಸಣ್ಣ ಡಬ್ಬಗಳು ಹೆಚ್ಚಾಗಿ ಮೂರು ಪದರದವು. ಪುಸ್ತಕ ತುಂಬಿ ಎತ್ತಿದರೆ ತಳ ಬಿಟ್ಟುಕೊಳ್ಳುತ್ತೆ. ಇಟ್ಟುಕೊಳ್ಳುವುದಾದರೆ ಐದು ಪದರದವನ್ನೇ, ಅದೂ ಒಬ್ಬರೇ ಎತ್ತಬಹುದಾದ ಅಳತೆಯವನ್ನು.

ತಳದ ಟೇಪನ್ನು ಕೀಳದೆ ಚಾಕುವಿನಿಂದ ಸೀಳಿ. ಕಿತ್ತರೆ ರಟ್ಟಿನ ಮೇಲಿನ ಹಾಳೆಯೂ ಜತೆಗೇ ಬರುತ್ತೆ. ಚಪ್ಪಟೆ ಮಾಡಿ, ಹುರಿಯಿಂದ ಕಟ್ಟಿ, ಬೀರುವಿನ ಹಿಂದೆ ನಿಲ್ಲಿಸಿದರೆ ಆರು ಡಬ್ಬಕ್ಕೆ ಒಂದು ಗೇಣು ಜಾಗವೂ ಬೇಡ. ನೆಲಕ್ಕೆ ತಾಗದಂತೆ ಕೆಳಗೊಂದು ಹಲಗೆ ಇರಲಿ. ಮಲೆನಾಡು, ಕರಾವಳಿಯವರಿಗೆ ಇದನ್ನೂ ಹೇಳಲು ನನಗೆ ಧೈರ್ಯವಿಲ್ಲ. ತೀರ್ಥಹಳ್ಳಿಯ ನನ್ನ ತವರಿನಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ರಟ್ಟು ಅನ್ನುವುದು ಗಾಳಿಯಿಂದಲೇ ನೀರು ಕುಡಿದು ಬೂಷ್ಟು ಹಿಡಿಯುತ್ತೆ, ಗೆದ್ದಲಿಗೆ ದಾರಿ ಮಾಡಿಕೊಡುತ್ತೆ. ಅಲ್ಲಿಯವರು ಮಳೆಗಾಲಕ್ಕೆ ಮುಂಚೆಯೇ ಎಲ್ಲ ರಟ್ಟನ್ನೂ ಸಾಗಹಾಕುವುದು ವಾಸಿ.

ಎಷ್ಟು ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ನನಗೆ ಸಹಾಯವಾದದ್ದು ಒಂದು ಲೆಕ್ಕ. ನಮ್ಮ ಮನೆ 900 ಚದರ ಅಡಿ, ಬಾಡಿಗೆ 27,000 ರೂಪಾಯಿ. ಅಂದರೆ ಒಂದು ಚದರ ಅಡಿಗೆ ತಿಂಗಳಿಗೆ 30 ರೂಪಾಯಿ. ಬಾಲ್ಕನಿಯ ಮೂಲೆಯಲ್ಲಿ ನಾಲ್ಕಡಿಗೆ ಮೂರಡಿ ಜಾಗ ಡಬ್ಬಗಳ ಪಾಲಾಗಿತ್ತು. ತಿಂಗಳಿಗೆ 360 ರೂಪಾಯಿ, ವರ್ಷಕ್ಕೆ 4,320. ಅಷ್ಟನ್ನೂ ಗುಜರಿಗೆ ಹಾಕಿದಾಗ 14 ಕೆ.ಜಿ. ತೂಗಿತು. ಕೆ.ಜಿ.ಗೆ 8 ರೂಪಾಯಿಯಂತೆ 112 ರೂಪಾಯಿ ಬಂತು. ಬಾಡಿಗೆ ಕಟ್ಟಿ ಕಾಯ್ದದ್ದರ ಬೆಲೆ ಅದು. ಆ ಮೂಲೆಯಲ್ಲಿ ಈಗ ಅತ್ತೆಯವರ ಕುರ್ಚಿ ಇದೆ, ಸಂಜೆ ಅಲ್ಲಿ ಕೂತು ಹೂ ಕಟ್ಟುತ್ತಾರೆ.

ಅಡುಗೆಮನೆಯ ಡಬ್ಬಿ ಬಾಟಲಿಗಳು

ಇಲ್ಲಿ ನಾನು ಗಾಜಿನ ಪಕ್ಷ. ಜಾಮು, ಕಾಫಿಪುಡಿ, ಜೇನುತುಪ್ಪದ ಗಾಜಿನ ಬಾಟಲಿಗಳು ತೊಳೆದಷ್ಟೂ ಸ್ವಚ್ಛ, ವಾಸನೆ ಉಳಿಯಲ್ಲ, ಕುದಿನೀರಲ್ಲೂ ಹಾಕಬಹುದು. ತಣ್ಣೀರಿನಿಂದ ನೇರ ಕುದಿನೀರಿಗೆ ಮಾತ್ರ ಬೇಡ, ಸೀಳುತ್ತೆ. ಗಾಜಿಗೆ ಗುಜರಿಯಲ್ಲಿ ಬೆಲೆ ಹೆಚ್ಚು ಸಿಗಲ್ಲ, ಸಾಗಿಸುವಾಗ ಒಡೆಯುತ್ತೆ, ಎತ್ತುವವರ ಕೈ ಕುಯ್ಯುತ್ತೆ. ಹಾಗಾಗಿ ಮನೆಯಲ್ಲೇ ಬಳಸಲು ಅದೇ ಮೊದಲು. ಉಪ್ಪಿನಕಾಯಿ ಹಾಕುವುದಾದರೆ ಒಂದು ಎಚ್ಚರ: ಉಪ್ಪು ಹುಳಿಗೆ ತಗಡಿನ ಮುಚ್ಚಳ ತುಕ್ಕು ಹಿಡಿದು ಕಾಯಿಗೆ ಇಳಿಯುತ್ತೆ. ಪ್ಲಾಸ್ಟಿಕ್ ಮುಚ್ಚಳದ ಬಾಟಲಿ ಆರಿಸಿ, ಇಲ್ಲವೇ ಜಾಡಿಗೆ ಕಟ್ಟುವ ಹಾಗೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿ. ಮಸಾಲೆಪುಡಿ, ಚಟ್ನಿಪುಡಿಗೆ ತಗಡಿನ ಮುಚ್ಚಳ ನಡೆಯುತ್ತೆ. ನಮ್ಮ ಮನೆಗೆ ಹನ್ನೆರಡು ಬಾಟಲಿ ಸಾಕು. ಹದಿಮೂರನೆಯದು ಬಂದರೆ ಯಾರಿಗಾದರೂ ಚಟ್ನಿಪುಡಿ ತುಂಬಿ ಕೊಡುತ್ತೇನೆ, ಬಾಟಲಿ ವಾಪಸ್ ಬೇಡ ಅಂತ ಹೇಳಿಯೇ.

ಹೋಟೆಲಿನಿಂದ ಪಾರ್ಸೆಲ್ ಬರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಆರಿಸಲು ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್, ಬಿಸಿ ತಡೆಯುತ್ತೆ. ಕೇಕು, ಖರ್ಜೂರ ಬರುವ ಪಾರದರ್ಶಕ ಡಬ್ಬಿಗಳಲ್ಲಿ ಸಾಮಾನ್ಯವಾಗಿ 1 ಇರುತ್ತೆ, ಅದು ನೀರಿನ ಬಾಟಲಿಯ ಪ್ಲಾಸ್ಟಿಕ್ಕು. ಬಿಸಿ ಸಾರು ಹಾಕಿದರೆ ಮೆತ್ತಗಾಗಿ ಸೊಟ್ಟಗಾಗುತ್ತೆ. 5ರ ಡಬ್ಬಿಗಳನ್ನೂ ನಾನು ಅಡುಗೆಗೆ ಹೆಚ್ಚು ಬಳಸಲ್ಲ. ಗೀರು ಬಿದ್ದ ಮೇಲೆ ಎಣ್ಣೆ ಜಿಡ್ಡು ಹೋಗಲ್ಲ, ಸಾಂಬಾರಿನ ಅರಿಸಿನ ಒಳಗೇ ಕೂತುಬಿಡುತ್ತೆ. ಗುಂಡಿ, ಸೂಜಿದಾರ, ರಂಗೋಲಿಪುಡಿ, ಮೊಳೆ, ಇಂಥದ್ದಕ್ಕೆ ಸರಿ. ಮುಚ್ಚಳ ಇಲ್ಲದ ಡಬ್ಬಿ, ಡಬ್ಬಿ ಇಲ್ಲದ ಮುಚ್ಚಳ ಎರಡನ್ನೂ ಇವತ್ತೇ ಒಣ ಕಸಕ್ಕೆ ಹಾಕಿ.

ಸಿಹಿತಿಂಡಿಯ ರಟ್ಟಿನ ಡಬ್ಬಗಳನ್ನು ಇಟ್ಟುಕೊಳ್ಳಲೇಬೇಡಿ. ಮೈಸೂರುಪಾಕಿನ ತುಪ್ಪ ಕುಡಿದ ರಟ್ಟು ಗುಜರಿಗೂ ಬೇಡ, ಇರುವೆಗೆ ಮಾತ್ರ ಬೇಕು. ಪಿಜ್ಜಾ ಡಬ್ಬದಲ್ಲಿ ಮುಚ್ಚಳ ಶುದ್ಧವಾಗಿದ್ದರೆ ಅದನ್ನು ಹರಿದು ಒಣ ಕಸಕ್ಕೆ, ಜಿಡ್ಡಾದ ತಳವನ್ನು ಚೂರು ಮಾಡಿ ಗೊಬ್ಬರದ ಬುಟ್ಟಿಗೆ. ಹಳೇ ಪೇಪರಿನಲ್ಲಿ ತಿಂಡಿ ಕಟ್ಟುವುದು, ಬೋಂಡದ ಎಣ್ಣೆ ಹಿಂಡುವುದು ಬೇಡ. ಅಚ್ಚಿನ ಮಸಿ ಆಹಾರಕ್ಕೆ ಇಳಿಯುತ್ತೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲೂ ಎಚ್ಚರಿಸಿದೆ.

ಹಾಲಿನ ಕವರಿನ ಬಗ್ಗೆ ನನಗೆ ವಿಶೇಷ ಕಾಳಜಿ, ಯಾಕೆಂದರೆ ಇದು ದಿನಾ ಬರುವುದು. ಮೂಲೆ ಕತ್ತರಿಸುವಾಗ ಪೂರ್ತಿ ತುಂಡರಿಸಬೇಡಿ. ಕಾಲಿಂಚಿನ ಆ ತುಣುಕು ಸಿಂಕಿನಲ್ಲಿ ಹರಿದು ಮೋರಿ ಸೇರುತ್ತೆ, ಅದನ್ನು ಯಾರೂ ಆರಿಸಲಾರರು. ಒಂದು ಬದಿಯಿಂದ ಸಣ್ಣಗೆ ಸೀಳು ಕೊಟ್ಟರೆ ಮೂಲೆ ಕವರಿಗೇ ಅಂಟಿಕೊಂಡಿರುತ್ತೆ, ಹಾಲೂ ಸರಾಗವಾಗಿ ಬೀಳುತ್ತೆ. ಕವರಿನೊಳಗೆ ಅರ್ಧ ಲೋಟ ನೀರು ಹಾಕಿ ಕುಲುಕಿ ಗಿಡಕ್ಕೆ ಸುರಿಯಿರಿ. ಬಗೆದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ. ಸಂಜೆಗೆ ಗರಿಗರಿ. ಹೀಗೆ ಒಣಗಿದ ಹಾಲಿನ ಕವರಿಗೆ ಗುಜರಿಯವರು ದುಡ್ಡು ಕೊಡುತ್ತಾರೆ. ತೊಳೆಯದೆ ಮುದುಡಿ ಎಸೆದರೆ ಮರುದಿನವೇ ಹುಳಿ ನಾತ, ಅದರ ಜತೆಗಿದ್ದ ಒಳ್ಳೆಯ ಕಾಗದವೂ ಹಾಳು.

ಗುಜರಿಯೋ, ಒಣ ಕಸದ ಗಾಡಿಯೋ?

ಬಹಳ ಜನ ಇವೆರಡೂ ಒಂದೇ ಅಂದುಕೊಂಡಿದ್ದಾರೆ. ಗುಜರಿ ವ್ಯಾಪಾರ. ಮಾರಿದರೆ ಲಾಭ ಇರುವ ರಟ್ಟು, ಪೇಪರು, ಕಬ್ಬಿಣ, ಗಟ್ಟಿ ಪ್ಲಾಸ್ಟಿಕ್ಕು, ಬಾಟಲಿ, ಹಾಲಿನ ಕವರು ತಗೊಳ್ಳುತ್ತಾರೆ, ದುಡ್ಡು ಕೊಡುತ್ತಾರೆ. ಚಿಪ್ಸ್ ಕವರು, ಜ್ಯೂಸಿನ ಟೆಟ್ರಾ ಪ್ಯಾಕು, ಥರ್ಮಾಕೋಲ್ ಸಾಮಾನ್ಯವಾಗಿ ಮುಟ್ಟಲ್ಲ. ಟೆಟ್ರಾ ಪ್ಯಾಕಿನಲ್ಲಿ ಮುಕ್ಕಾಲು ಪಾಲು ಕಾಗದವೇ ಇದ್ದರೂ, ಅದಕ್ಕಂಟಿದ ಪ್ಲಾಸ್ಟಿಕ್ಕು, ಅಲ್ಯುಮಿನಿಯಂ ಪದರ ಬಿಡಿಸಲು ಬೇರೆ ಯಂತ್ರ ಬೇಕು. ಚಿಪ್ಸ್ ಕವರೂ ಹಾಗೇ, ಪದರದ ಮೇಲೆ ಪದರ.

ಗಾಡಿಗೆ ಕೊಟ್ಟದ್ದು ಹೋಗಿ ಸೇರುವ ಬೆಂಗಳೂರಿನ ಒಣ ಕಸ ಸಂಗ್ರಹ ಕೇಂದ್ರಗಳ ಹಿಂದೆ ದೊಡ್ಡ ಕಥೆಯೇ ಇದೆ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಹಳ್ಳಿಯವರು ನಿಮ್ಮ ಕಸ ಇನ್ನು ಸಾಕು ಅಂದಾಗ ಊರಿನ ಬೀದಿ ಬೀದಿಯಲ್ಲಿ ಕಸ ರಾಶಿ ಬಿತ್ತು. ಆಮೇಲೆ ಮಂಡೂರಿನವರೂ ಅದೇ ನೋವು ತಿಂದರು. ಹೈಕೋರ್ಟ್ ಮಧ್ಯೆ ಬಂತು, ಮನೆಯಲ್ಲೇ ಕಸ ಬೇರ್ಪಡಿಸಬೇಕು ಅಂತಾಯಿತು. 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಪರ್‌ನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ವಾರ್ಡುಗಳ ಒಣ ಕಸ ಕೇಂದ್ರಗಳಲ್ಲಿ ಹಲವನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು, ಹಸಿರು ದಳ ಸಂಸ್ಥೆಯ ಜತೆ ಸಂಘಟಿತರಾದವರು. ಅಲ್ಲಿ ಬೆಲೆ ಇಲ್ಲದ ಕವರುಗಳನ್ನೂ ಬೇರೆ ಮಾಡಿ ಕಳಿಸುತ್ತಾರೆ.

ಹಾಗಾದರೆ ಯಾವುದು ಮೇಲು? ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಇದೆ. ಒಳ್ಳೆ ರಟ್ಟು, ಬಾಟಲಿ ಎಲ್ಲ ಗುಜರಿಗೆ ಹಾಕಿ ದುಡ್ಡು ಮಾಡಿಕೊಂಡು, ಬರೀ ಚಿಪ್ಸ್ ಕವರು, ಕೊರಿಯರ್ ಕವರನ್ನು ಗಾಡಿಗೆ ಕೊಟ್ಟರೆ ಕೇಂದ್ರ ನಡೆಸುವವರ ಹೊಟ್ಟೆ ತುಂಬುವುದು ಯಾವುದರಿಂದ? ಅವರಿಗೂ ಆದಾಯ ಬರುವುದು ರಟ್ಟು ಬಾಟಲಿಯಿಂದಲೇ. ನಾನು ದಿನಪತ್ರಿಕೆಯನ್ನು ಮನೆ ಬಾಗಿಲಿಗೆ ಗಾಡಿ ತಳ್ಳಿಕೊಂಡು ಬರುವ ಹಳೇ ಪೇಪರಿನವರಿಗೆ ಕೊಡುತ್ತೇನೆ. ಅವರು ಹದಿನೈದು ವರ್ಷದಿಂದ ಬರುತ್ತಿದ್ದಾರೆ. ಉಳಿದದ್ದನ್ನು, ಒಳ್ಳೆಯ ರಟ್ಟೂ ಸೇರಿಸಿ, ಒಣ ಕಸದ ಗಾಡಿಗೇ. ದುಡ್ಡಿನ ಅಗತ್ಯ ಇರುವ ಮನೆಯವರು ಗುಜರಿಗೆ ಹಾಕಿದರೆ ಅದರಲ್ಲಿ ತಪ್ಪೇನೂ ಇಲ್ಲ, ಎರಡು ದಾರಿಯಲ್ಲೂ ರಟ್ಟು ಮಿಲ್ಲು ಸೇರುತ್ತೆ.

ಯಾರಿಗೇ ಕೊಡಿ, ಡಬ್ಬದ ಮೇಲಿನ ವಿಳಾಸದ ಚೀಟಿ ಕಿತ್ತು ಕೊಡಿ. ಅದರಲ್ಲಿ ಹೆಸರು, ಮನೆ ನಂಬರು, ಫೋನ್ ನಂಬರು ಎಲ್ಲ ಇರುತ್ತೆ. ಕೀಳಲು ಬರದಿದ್ದರೆ ಒದ್ದೆ ಬಟ್ಟೆಯಲ್ಲಿ ಎರಡು ನಿಮಿಷ ಒತ್ತಿ ಹಿಡಿದು ಉಜ್ಜಿ. ಔಷಧಿಯ ರಟ್ಟಿನ ಡಬ್ಬಿ ಒಣ ಕಸಕ್ಕೆ ಹೋಗಬಹುದು, ಅವಧಿ ಮುಗಿದ ಮಾತ್ರೆ ಹೋಗಬಾರದು. ಅದನ್ನು ಬೇರೆ ಕಟ್ಟಿ ಹೇಳಿ ಕೊಡಿ.

ಇದ್ದ ಹಾಗೇ ಬಳಸುವವರು ಸಿಕ್ಕರೆ ಅವರೇ ಮೊದಲು

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಹತ್ತು ಗಟ್ಟಿ ಡಬ್ಬ ಇವೆ, ಮನೆ ಬದಲಾಯಿಸುವವರು ಬೇಕಾದರೆ ಭಾನುವಾರದೊಳಗೆ ತಗೊಂಡು ಹೋಗಿ" ಅಂತ ಹಾಕಿದರೆ ಅರ್ಧ ಗಂಟೆಯಲ್ಲಿ ಹೋಗುತ್ತೆ. ದಿನ ಹೇಳುವುದು ಮುಖ್ಯ. ಇಲ್ಲದಿದ್ದರೆ ಬರುತ್ತೇವೆ ಅಂದವರಿಗಾಗಿ ತಿಂಗಳುಗಟ್ಟಲೆ ಕಾಯುತ್ತೀರಿ. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕನ್ನು ಮನೆಯಿಂದಲೇ ಸಾಮಾನು ಮಾರಿ ಕೊರಿಯರ್ ಮಾಡುವವರು ಖುಷಿಯಿಂದ ತಗೊಳ್ಳುತ್ತಾರೆ.

ಮದುವೆ ಮುಂಜಿಯಲ್ಲಿ ಸಿಗುವ ತಾಂಬೂಲದ ಚೀಲಗಳು ಪ್ರತಿ ಮನೆಯಲ್ಲೂ ಒಂದು ಮೂಟೆ. ಇವುಗಳಲ್ಲಿ ಎರಡು ಜಾತಿ. ನೇಯ್ದ ಹತ್ತಿ ಬಟ್ಟೆಯದ್ದಾದರೆ ಎಳೆ ಕಾಣುತ್ತೆ, ಒಗೆದು ವರ್ಷಗಟ್ಟಲೆ ತರಕಾರಿಗೆ ಬಳಸಬಹುದು. ಎಳೆಯೇ ಕಾಣದೆ ಚುಕ್ಕಿ ಚುಕ್ಕಿ ಒತ್ತಿದ ಹಾಗಿರುವುದು ಬಟ್ಟೆಯಲ್ಲ, ಪ್ಲಾಸ್ಟಿಕ್ಕೇ. ಬಿಸಿಲಿಗೆ ಬಿದ್ದರೆ ಕೆಲವು ತಿಂಗಳಲ್ಲಿ ಪುಡಿಪುಡಿಯಾಗಿ ಉದುರುತ್ತೆ, ಆ ಪುಡಿಯನ್ನು ಗುಡಿಸಿ ತೆಗೆಯಲೂ ಆಗಲ್ಲ. ಇದನ್ನು ಗಟ್ಟಿಯಾಗಿರುವಾಗಲೇ ಒಣ ಕಸಕ್ಕೆ ಕೊಟ್ಟುಬಿಡಿ. ಹೆಚ್ಚಾದ ಹತ್ತಿ ಚೀಲಗಳನ್ನು ಹೂವಿನವರಿಗೆ, ಸೊಪ್ಪಿನವರಿಗೆ ಕೊಡಿ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಗಿರಾಕಿ ಚೀಲ ತರದಿದ್ದರೆ ಕಷ್ಟಕ್ಕೆ ಸಿಗುವವರು ಅವರೇ. ನಾನು ನಮ್ಮ ಬೀದಿಯ ಸೊಪ್ಪಿನಮ್ಮನಿಗೆ ಇಪ್ಪತ್ತು ಚೀಲ ಕೊಟ್ಟೆ, ಎರಡು ದಿನಕ್ಕೆ ಖಾಲಿ ಆಗಿತ್ತು.

ಅಕ್ಕಿಯ 25 ಕೆ.ಜಿ. ಚೀಲಗಳಲ್ಲಿ ಎರಡನ್ನು ಒಣ ಕಸ ತುಂಬಲು ಇಟ್ಟುಕೊಂಡಿದ್ದೇನೆ. ಗಾಡಿಯವರು ಸುರಿದುಕೊಂಡು ಚೀಲ ವಾಪಸ್ ಕೊಡುತ್ತಾರೆ.

ಥರ್ಮಾಕೋಲ್ ಮಾತ್ರ ತಲೆನೋವು

ಇದರಲ್ಲಿ 98 ಭಾಗ ಗಾಳಿ. ಗಾಡಿ ತುಂಬ ತುಂಬಿದರೂ ತೂಕ ಬರಲ್ಲ, ಅದಕ್ಕೇ ಗುಜರಿಯವರಿಗೆ ಬೇಡ. ಮುರಿದರೆ ಬಿಳಿ ಕಾಳು ಮನೆಯೆಲ್ಲ ಹಾರಿ ಚರಂಡಿ ಸೇರುತ್ತೆ. ದಯವಿಟ್ಟು ಸುಡಬೇಡಿ, ಕಪ್ಪು ಹೊಗೆ ನೇರ ಎದೆಗೆ. ಮುಚ್ಚಳ ಇರುವ ಥರ್ಮಾಕೋಲ್ ಪೆಟ್ಟಿಗೆ ಬಂದರೆ ಅದು ನಿಜಕ್ಕೂ ಕೆಲಸದ್ದು. ಡಿಸೆಂಬರ್ ಚಳಿಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಅದರೊಳಗಿಟ್ಟರೆ ಬೆಳಿಗ್ಗೆಗೆ ಚೆನ್ನಾಗಿ ಉಬ್ಬಿರುತ್ತೆ. ಉಳಿದ ಅಚ್ಚುಗಳನ್ನು ಮುರಿಯದೆ, ಒದ್ದೆ ಮಾಡದೆ, ಒಂದೇ ಚೀಲಕ್ಕೆ ಹಾಕಿ ಒಣ ಕಸಕ್ಕೆ ಕೊಡುವುದೊಂದೇ ದಾರಿ. ಇದಕ್ಕಿಂತ ಒಳ್ಳೆಯದು ಮನೆಗೇ ಬರದ ಹಾಗೆ ನೋಡಿಕೊಳ್ಳುವುದು. ಫ್ರಿಜ್ಜು, ವಾಷಿಂಗ್ ಮೆಷೀನು ತರಿಸುವಾಗ, ಜೋಡಿಸಿದ ಮೇಲೆ ಪ್ಯಾಕಿಂಗ್ ವಾಪಸ್ ತಗೊಂಡು ಹೋಗುತ್ತೀರಾ ಅಂತ ಅಂಗಡಿಯಲ್ಲಿ ದುಡ್ಡು ಕಟ್ಟುವ ಮೊದಲೇ ಕೇಳಿ. ದುಡ್ಡು ಕಟ್ಟಿದ ಮೇಲೆ ಕೇಳಿದರೆ ಉತ್ತರ ಬೇರೆ ಇರುತ್ತೆ.

ಗೊಂಬೆಗಳ ಪೆಟ್ಟಿಗೆ

ಇಪ್ಪತ್ತೇಳು ಡಬ್ಬಗಳ ಹಿಂದೆ ಸಿಕ್ಕಿದ್ದು ಎರಡು ಪೆಟ್ಟಿಗೆ. ಒಂದು ಬಿಸ್ಕತ್ತಿನ ಚೌಕ ತಗಡಿನ ಡಬ್ಬ, ಇನ್ನೊಂದು ರೇಷ್ಮೆ ಸೀರೆ ಅಂಗಡಿಯ ಉದ್ದ ರಟ್ಟಿನ ಪೆಟ್ಟಿಗೆ. ತಗಡಿನ ಡಬ್ಬದಲ್ಲಿ ಪಟ್ಟದ ಗೊಂಬೆಗಳು, ಮಾವನವರ ಹಳೇ ಪಂಚೆಯ ತುಂಡುಗಳಲ್ಲಿ ಒಂದೊಂದನ್ನೇ ಸುತ್ತಿ ಇಟ್ಟದ್ದು. ತೇವ ತಟ್ಟಿರಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿದ್ದ ಮಣ್ಣಿನ ಶೆಟ್ಟಿ, ಶೆಟ್ಟಮ್ಮನ ಬಣ್ಣ ಒಂದು ಕಡೆ ಎದ್ದುಬಂದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು, ಆಮೇಲೆ ಅವರೇ ಆ ರಟ್ಟಿನ ಪೆಟ್ಟಿಗೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ವಿಜಯದಶಮಿ ಕಳೆದು ಗೊಂಬೆ ಎತ್ತಿಡುವಾಗ ಶೆಟ್ಟಿ ದಂಪತಿಗೂ ತಗಡಿನ ಡಬ್ಬ ಹುಡುಕಿದೆವು. ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಳಗೇನಿದೆ ಅಂತ ಅತ್ತೆಯವರ ಅಕ್ಷರದಲ್ಲೇ ಬರೆಸಿದ್ದೇನೆ. ಅಟ್ಟದ ಮೇಲೆ ಈಗ ಆ ಎರಡು ಡಬ್ಬ, ಟಿವಿಯದೊಂದು, ನಡುವೆ ಪೊರಕೆ ಆಡುವಷ್ಟು ಜಾಗ.